ಮೊದಲು ವೈರು ಕಿತ್ತುಬಿಡಿ

ಮನೆಯ ಕಂಪ್ಯೂಟರಿನ ಮೇಲೆ ಅನುಮಾನ ಬಂತೇ? ಯಾವ ವೈರಸ್, ಎಲ್ಲಿಂದ ಬಂತು, ಯಾರು ತಂದರು ಎಂಬ ವಿಚಾರಣೆ ಆಮೇಲಾಗಲಿ. ಮೊದಲು ಅದನ್ನು ಮನೆಯ ಉಳಿದ ಸಾಧನಗಳಿಂದ ಬೇರ್ಪಡಿಸಿ. ಇದಕ್ಕೆ ದುಡ್ಡು ಬೇಡ, ಪರಿಣತಿಯೂ ಬೇಡ. ಬೇಕಾದದ್ದು ಮನೆಮಂದಿ ಮೊದಲೇ ಕೂತು ಮಾಡಿಕೊಂಡ ಒಂದು ತೀರ್ಮಾನ.

ಅಡಿಕೆ ಕೊಯ್ಲಿನ ಕಾಲ. ತರೀಕೆರೆ ಸೀಮೆಯ ಒಂದು ತೋಟದ ಮನೆ. ಅಂಗಳದಲ್ಲಿ ಹಂಡೆ ಕುದಿಯುತ್ತಿದೆ. ಚೊಗರಿನ ವಾಸನೆ ಜಗಲಿ ದಾಟಿ ಒಳಗೆ ಬಂದಿದೆ. ನಡುಮನೆಯಲ್ಲಿ ಯಜಮಾನರು ಕಂಪ್ಯೂಟರಿನ ಮುಂದೆ ಕೂತು ಮಂಡಿಯ ಲೆಕ್ಕ ತೆಗೆಯಲು ಹೋದರೆ ಫೈಲು ತೆರೆಯುತ್ತಿಲ್ಲ. ಅದರ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿವೆ. ಪಕ್ಕದ ಫೈಲಿಗೂ ಅದೇ ಗತಿ. ನೋಡನೋಡುತ್ತಿದ್ದಂತೆ ಮೊಮ್ಮಗಳ ನಾಮಕರಣದ ಫೋಟೊಗಳೂ ಒಂದೊಂದಾಗಿ ಹೆಸರು ಬದಲಿಸುತ್ತಿವೆ.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಹೋಗುತ್ತದೆ.

“ಫೈಲೆಲ್ಲ ಏನೇನೋ ಆಗ್ತಿವೆ ಕಣಮ್ಮ. ಆಫ್ ಮಾಡಿ ಆನ್ ಮಾಡ್ಲಾ?”

“ಆನ್ ಮಾಡೋ ಮಾತೇ ಬೇಡ ಅಪ್ಪಾಜಿ. ಮೊದಲು ಹಿಂದುಗಡೆ ಇರೋ ನೆಟ್ ವೈರು ಕಿತ್ತುಬಿಡಿ. ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ರೆ ಅದನ್ನೂ ತೆಗೀರಿ. ಈಗಲೂ ಹೆಸರು ಬದಲಾಗ್ತಾನೇ ಇದ್ಯಾ? ಹಾಗಿದ್ರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡಿ. ಅದನ್ನ ಮತ್ತೆ ಮುಟ್ಟಬೇಡಿ.”

ಈ ಸಂಜೆಯನ್ನು ನಾನು ಕಲ್ಪಿಸಿಕೊಂಡು ಬರೆದಿದ್ದೇನೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಎಷ್ಟು ಮನೆಗಳಲ್ಲಿ ಇಂಥದ್ದಕ್ಕೆ ಬೇಕಾದ ಸಲಕರಣೆಯೆಲ್ಲ ಸಿದ್ಧವಾಗಿದೆ ಎಂದು ಯೋಚಿಸಿದರೆ ದಿಗಿಲಾಗುತ್ತದೆ. ಹಾಗೆಯೇ, ಆ ಮಗಳು ಹೇಳಿದ ನಾಲ್ಕು ಮಾತು ಎಷ್ಟು ಮನೆಗಳನ್ನು ಕಾಪಾಡಬಲ್ಲದು ಎಂದು ಯೋಚಿಸಿದರೆ ಧೈರ್ಯವೂ ಬರುತ್ತದೆ.

ಒಂದೇ ಪೆಟ್ಟಿಗೆ, ಇಡೀ ಮನೆ

ಬೀರೂರು ಜಂಕ್ಷನ್ನಿನಿಂದ ಒಂದು ಹಳಿ ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ ಹೋಗುತ್ತದೆ. ಅದೇ ಹಳಿ ಹಿಡಿದು ಬೆಂಗಳೂರಿಗೆ ಓದಲು, ದುಡಿಯಲು ಹೋದ ಮಕ್ಕಳು 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ತೋಟದ ಮನೆಗಳಿಗೂ ಫೈಬರ್ ಎಳೆಯಲಾಯಿತು. ಮಕ್ಕಳು ಮತ್ತೆ ಬೆಂಗಳೂರಿಗೆ ಹೋದರೂ ವೈಫೈ ಪೆಟ್ಟಿಗೆ ಗೋಡೆಯ ಮೇಲೆ ಉಳಿಯಿತು.

ಈಗ ಆ ಒಂದು ಪೆಟ್ಟಿಗೆಗೆ ಏನೇನು ಸೇರಿಕೊಂಡಿದೆ ನೋಡಿ. ಮನೆಮಂದಿಯ ಮೊಬೈಲುಗಳು, ಟಿವಿ, ಪ್ರಿಂಟರ್, ಮಕ್ಕಳ ಕಂಪ್ಯೂಟರ್, ಅಡಿಕೆ ಒಣಗುವ ಅಂಗಳಕ್ಕೆ ಹಾಕಿಸಿದ ಸಿಸಿ ಕ್ಯಾಮೆರಾ. ಹಬ್ಬಕ್ಕೆ ಬಂದ ಮಗನ ಆಫೀಸ್ ಲ್ಯಾಪ್‌ಟಾಪೂ ಅದಕ್ಕೇ. ಪಾಸ್‌ವರ್ಡ್ ಬಹಳಷ್ಟು ಕಡೆ ಯಜಮಾನರ ಮೊಬೈಲ್ ನಂಬರ್. ಊರಿಗೆಲ್ಲ ಗೊತ್ತಿರುವ ನಂಬರ್.

ಇವೆಲ್ಲ ಒಂದಕ್ಕೊಂದು ಕಾಣುತ್ತವೆ. ಮೊಬೈಲಿನಿಂದ ಪ್ರಿಂಟ್ ಕೊಡಲು, ಟಿವಿಯಲ್ಲಿ ಫೋಟೊ ನೋಡಲು ಆಗುವುದು ಅದರಿಂದಲೇ. ಕೆಟ್ಟ ತಂತ್ರಾಂಶಕ್ಕೂ ಅದೇ ದಾರಿ.

ವಯನಾಡಿನ ಸೋಮವಾರ

2017ರ ಮೇ 12, ಶುಕ್ರವಾರ. ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳು ಅದರ ಕೈಗೆ ಬಿದ್ದವು. ಬ್ರಿಟನ್ನಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ಬೇರೆಡೆ ಕಳಿಸಬೇಕಾಯಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳು ಸಿಕ್ಕಿಬಿದ್ದವು. ವಾರಾಂತ್ಯದ ರಜೆ ಮುಗಿದು ಸೋಮವಾರ ಬಾಗಿಲು ತೆರೆದಾಗ, ನಮ್ಮ ಗಡಿಗೆ ಅಂಟಿಕೊಂಡಿರುವ ವಯನಾಡಿನ ತರಿಯೋಡ್ ಗ್ರಾಮ ಪಂಚಾಯ್ತಿ ಕಚೇರಿಯ ಪರದೆಗಳ ಮೇಲೂ ದುಡ್ಡು ಕೇಳುವ ಸಂದೇಶ ಕಾದಿತ್ತು.

ಒಂದು ಹಳ್ಳಿಯ ಪಂಚಾಯ್ತಿಯ ಮೇಲೆ ಯಾರಿಗೇನು ಹಗೆ? ಏನೂ ಇರಲಿಲ್ಲ. ವಾನಾಕ್ರೈಗೆ ಇಂಥವರೇ ಬೇಕೆಂಬ ಗುರಿಯಿರಲಿಲ್ಲ. ವಿಂಡೋಸ್ ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲು ಬಳಸುವ ಹಳೆಯ ವ್ಯವಸ್ಥೆಯೊಂದರಲ್ಲಿ ದೋಷವಿತ್ತು. ಒಂದು ಯಂತ್ರದೊಳಗೆ ಹೊಕ್ಕ ಕೂಡಲೇ ಅದು ಅದೇ ಜಾಲದಲ್ಲಿರುವ ಬೇರೆ ಯಂತ್ರಗಳಲ್ಲಿ ಆ ದೋಷ ಹುಡುಕುತ್ತಿತ್ತು. ಎರಡನೆಯ ಯಂತ್ರದಲ್ಲಿ ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಮೊದಲನೆಯದರ ಜೊತೆ ಒಂದೇ ಜಾಲದಲ್ಲಿ ಇದ್ದರೆ ಸಾಕಿತ್ತು.

ಮೈಕ್ರೋಸಾಫ್ಟ್ ಆ ದೋಷಕ್ಕೆ ಮಾರ್ಚ್ 14ರಂದೇ ದುರಸ್ತಿ ಕೊಟ್ಟಿತ್ತು. ಎರಡು ತಿಂಗಳಾದರೂ ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಗಳು ಬಲಿಯಾದವು. ಈ ಪಾಠ ಇಂದಿಗೂ ಹಳತಾಗಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಕೊಂಡ ಮನೆಬಳಕೆಯ ಯಂತ್ರಗಳಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ದುರಸ್ತಿ ಸಿಗುತ್ತದೆ. ಮಿಕ್ಕ ಹಳೆಯ ಕಂಪ್ಯೂಟರುಗಳಿಗೆ ಮುಂದೆ ಕಂಡುಬರುವ ದೋಷಗಳೆಲ್ಲ ಹಾಗೇ ಉಳಿಯುತ್ತವೆ.

ಅಜ್ಜಂಪುರಕ್ಕೆ ಗೊತ್ತಿರುವ ವಿದ್ಯೆ

ಬೇರ್ಪಡಿಸುವುದು ಎಂದರೇನೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ಕಾಲದಿಂದ ಬೆಳೆದುಬಂದ ಅಮೃತಮಹಲ್ ದನದ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಕೊಟ್ಟಿಗೆಗಳಿಗೆ ನುಗ್ಗಿದಾಗ ಹಲವೆಡೆ ಜಾನುವಾರು ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಮೈಮೇಲೆ ಒಂದು ಗಂಟು ಕಂಡರೂ ರೈತ ಆ ಹಸುವನ್ನು ಬೇರೆ ಕಡೆ ಕಟ್ಟಿದ, ಅದರ ನೀರಿನ ಬಾನಿಯನ್ನೂ ಬೇರೆ ಮಾಡಿದ. ವೈದ್ಯರು ಬಂದು ಹೆಸರು ಹೇಳುವವರೆಗೆ ಕಾಯಲಿಲ್ಲ. ಹಾಗೆಂದು ಹಸುವನ್ನು ಕೊಲ್ಲಲೂ ಇಲ್ಲ, ಬಿಟ್ಟುಹಾಕಲೂ ಇಲ್ಲ.

ಕಂಪ್ಯೂಟರಿನ ವಿಷಯದಲ್ಲೂ ಕ್ರಮ ಅಷ್ಟೇ. ಅನುಮಾನ ಸಾಕು, ರುಜುವಾತು ಬೇಡ. ಬೇರ್ಪಡಿಸುವುದು ಶಿಕ್ಷೆಯಲ್ಲವಾದ್ದರಿಂದ ತಪ್ಪಾದರೂ ನಷ್ಟವಿಲ್ಲ. ಹತ್ತು ನಿಮಿಷದ ನಂತರ ವೈರು ಮತ್ತೆ ಸಿಕ್ಕಿಸಬಹುದು. ಬೇರ್ಪಡಿಸದೆ ಕಳೆದ ಹತ್ತು ನಿಮಿಷವನ್ನು ಮಾತ್ರ ಮರಳಿ ಪಡೆಯಲಾಗದು.

ಯಾವಾಗ ಅನುಮಾನಿಸಬೇಕು?

ಫೈಲುಗಳ ಹೆಸರು ತಾನಾಗಿ ಬದಲಾಗುವುದು. ಆಂಟಿವೈರಸ್ ಯಾರೂ ಮುಟ್ಟದೆ ನಿಂತುಹೋಗುವುದು. ಮೌಸ್ ಬಾಣ ಕೈಬಿಟ್ಟರೂ ಓಡಾಡುವುದು. ನೀವು ಕಳಿಸದ ಮೇಲ್ ನಿಮ್ಮ ಹೆಸರಿನಲ್ಲಿ ನೆಂಟರಿಗೆ ತಲುಪುವುದು. ಕೇಳದೆ ಒಟಿಪಿ ಬರುವುದು. ಇವುಗಳಲ್ಲಿ ಒಂದು ಕಂಡರೂ ಬೇರ್ಪಡಿಸಲು ಅಷ್ಟು ಸಾಕು.

ಒಂದು ಎಚ್ಚರಿಕೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪು ಸಂದೇಶ ಬಂದು, ಸೈರನ್ ಕೂಗಿದರೆ, ಅದು ಬಹುಪಾಲು ಬರೀ ವೆಬ್ ಪುಟ. ಕರೆ ಮಾಡಬೇಡಿ, ಬ್ರೌಸರ್ ಮುಚ್ಚಿ. ಕರೆ ಮಾಡಿ, ಅವರು ಹೇಳಿದ ದೂರನಿಯಂತ್ರಣದ ಆ್ಯಪ್ ಹಾಕಿಬಿಟ್ಟಿದ್ದರೆ ಮಾತು ಬೇರೆ. ಆಗ ನಿಮ್ಮ ಮೌಸ್ ಅವರ ಕೈಯಲ್ಲಿರುತ್ತದೆ. ಫೋನಿನಲ್ಲಿ ಅವರ ಜೊತೆ ವಾದಕ್ಕಿಳಿಯದೆ ನೆಟ್ ವೈರು ಕೀಳಿ. ಕಿತ್ತ ಕ್ಷಣವೇ ಆ ಹಿಡಿತ ತಪ್ಪುತ್ತದೆ. ನಂತರದ ಕರೆ ನಿಮ್ಮ ಬ್ಯಾಂಕಿಗೆ.

ಬೇರ್ಪಡಿಸುವ ಬಗೆ

ಡೆಸ್ಕ್‌ಟಾಪ್ ಆದರೆ ಹಿಂದಿನ ನೆಟ್ ಕೇಬಲ್ ಕೀಳಬೇಕು. ವೈಫೈಗೆಂದು ಸಿಕ್ಕಿಸಿದ ಪುಟ್ಟ ಡಾಂಗಲ್ ಇದ್ದರೆ ಅದನ್ನೂ ತೆಗೆಯಬೇಕು. ಲ್ಯಾಪ್‌ಟಾಪಿನಲ್ಲಿ ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಸಹ ಆರಿದೆಯೇ ನೋಡಬೇಕು. ಯುಎಸ್‌ಬಿ ಮೂಲಕ ಮೊಬೈಲಿನ ನೆಟ್ ಕೊಟ್ಟಿದ್ದರೆ ಆ ಕೇಬಲ್ಲನ್ನೂ ಬಿಡಿಸಬೇಕು. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ವೈಫೈಗೆ ಮತ್ತೆ ಸೇರಿಕೊಳ್ಳಬಹುದು. ಆದ್ದರಿಂದ ಮೊಬೈಲಿನಿಂದ ವೈಫೈ ಪಾಸ್‌ವರ್ಡ್ ಬದಲಿಸಿಬಿಡುವುದು ಭದ್ರ.

ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್ ತೆಗೆಯಿರಿ. ಅವನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ‘ನೋಡೋಣ’ ಎನ್ನಬೇಡಿ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಿಗೆ ಫೈಲುಗಳು ತಾವಾಗಿ ಹೋಗುತ್ತಿದ್ದರೆ ಕೆಟ್ಟ ಫೈಲು ಅಲ್ಲಿಯ ಒಳ್ಳೆಯ ಪ್ರತಿಯ ಜಾಗದಲ್ಲಿ ಕೂರಬಹುದು. ಬೇರೆ ಸಾಧನದಿಂದ ಲಾಗಿನ್ ಆಗಿ ಆ ಕಂಪ್ಯೂಟರನ್ನು ಖಾತೆಯಿಂದ ಹೊರಹಾಕಿ. ಹಳೆಯ ಆವೃತ್ತಿಗಳನ್ನು ಮರಳಿ ಪಡೆಯುವ ಸೌಲಭ್ಯವೂ ಅಲ್ಲಿದೆ.

ಆರಿಸಬೇಕೇ, ಬೇಡವೇ? ಫೈಲು ಕಣ್ಣೆದುರೇ ಹಾಳಾಗುತ್ತಿದ್ದರೆ ಆರಿಸಿ, ಉಳಿದದ್ದನ್ನು ಉಳಿಸಿಕೊಳ್ಳಿ. ಇಲ್ಲವಾದರೆ ಹಾಗೇ ಬಿಡಿ. ನಡೆಯುತ್ತಿರುವ ಕೆಟ್ಟ ತಂತ್ರಾಂಶದ ಗುರುತು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿರುತ್ತದೆ; ಆರಿಸಿದರೆ ಅದು ಅಳಿಸಿಹೋಗುತ್ತದೆ. ಪೊಲೀಸರಿಗೆ, ಪರಿಣತರಿಗೆ ಅದು ಬೇಕು. ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದು, ಸಮಯ ಬರೆದಿಡಿ.

ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಬೇರ್ಪಡಿಸುವುದಷ್ಟೇ ನಿಮ್ಮ ಕೆಲಸ. ಮನೆಯಲ್ಲಿ ಔಷಧ ಮಾಡಲು ಹೋಗದೆ ಕಂಪನಿಯ ತಾಂತ್ರಿಕ ವಿಭಾಗಕ್ಕೆ ಕೂಡಲೇ ತಿಳಿಸಿ.

ಬಾಕ್ಸ್: ಮೊದಲ ಅರ್ಧ ಗಂಟೆ

- ನೆಟ್ ವೈರು, ವೈಫೈ, ಬ್ಲೂಟೂತ್, ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್: ಎಲ್ಲ ಬಿಡಿಸಿ.
- ಪರದೆಯ ಫೋಟೊ, ಸಮಯ: ದಾಖಲಿಸಿ.
- ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಒತ್ತುವುದನ್ನು ಮರೆಯಬೇಡಿ.
- ದುಡ್ಡು ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.
- ದೂರು: ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್, ಅಥವಾ ಚಿಕ್ಕಮಗಳೂರಿನ ಸಿಇಎನ್ ಪೊಲೀಸ್ ಠಾಣೆ.

ಇಡೀ ಮನೆಯ ನೆಟ್ ಆರಿಸಬೇಡಿ

1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಂ ಅಂದಿನ ಪುಟ್ಟ ಇಂಟರ್ನೆಟ್ಟನ್ನು ಕಂಗೆಡಿಸಿತು. ಹಲವು ಸಂಸ್ಥೆಗಳು ಗಾಬರಿಯಿಂದ ತಮ್ಮ ಜಾಲವನ್ನೇ ಹೊರಜಗತ್ತಿನಿಂದ ಕಡಿದುಕೊಂಡವು. ಸೋಂಕು ನಿಂತಿತು. ಆದರೆ ಪರಿಹಾರ ಕಂಡುಹಿಡಿದವರು ಅದನ್ನು ಇಮೇಲಿನಲ್ಲೇ ಕಳಿಸುತ್ತಿದ್ದರು. ಜಾಲ ಕಡಿದುಕೊಂಡವರಿಗೆ ಅದು ತಡವಾಗಿ ಮುಟ್ಟಿತು.

ಹಾಗಾಗಿ ಬೇರ್ಪಡಿಸಬೇಕಾದದ್ದು ಅನುಮಾನದ ಯಂತ್ರವನ್ನು. ಸಹಾಯ ಬರುವ ದಾರಿಯೊಂದು ತೆರೆದೇ ಇರಬೇಕು. ಯಾವ ಯಂತ್ರ ಕೆಟ್ಟಿದೆ ಎಂಬುದೇ ತಿಳಿಯದಿದ್ದರೆ ಮಾತ್ರ ವೈಫೈ ಪೆಟ್ಟಿಗೆ ಆರಿಸಿ, ಮೊಬೈಲಿನ ಸ್ವಂತ ಡೇಟಾದಲ್ಲಿ ಸಹಾಯ ಕೇಳಿ. ಹಾಂ, ಮೊಬೈಲ್ ಸಹ ಸಂಶಯಾತೀತವಲ್ಲ. ವಾಟ್ಸ್‌ಆ್ಯಪಿನಲ್ಲಿ ಮದುವೆ ಕರೆಯೋಲೆ, ಪಿಎಂ ಕಿಸಾನ್, ವಾಹನ ದಂಡ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲುಗಳನ್ನು ಹಾಕಿಕೊಂಡ ಮೊಬೈಲನ್ನೂ ಹೀಗೇ ಬೇರ್ಪಡಿಸಬೇಕು.

ಮುನ್ನೂರು ಬ್ಯಾಂಕುಗಳ ಒಂದು ದಿನ

ದೇಶದ ಹಣಪಾವತಿ ವ್ಯವಸ್ಥೆಯೇ ಹೀಗೆ ಬೇರ್ಪಡಿಸುವ ಕೆಲಸ ಮಾಡಿದ್ದನ್ನು ನೆನೆಯಬೇಕು. 2024ರ ಜುಲೈ ಕೊನೆಯಲ್ಲಿ, ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ ಸುಲಿಗೆ ತಂತ್ರಾಂಶ ತಗುಲಿತು. ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಸಿ-ಎಡ್ಜನ್ನು ತನ್ನ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸಿಗಲಿಲ್ಲ. ಜನರಿಗೆ ತೊಂದರೆಯಾಗುತ್ತದೆ ಎಂದು ಗೊತ್ತಿದ್ದೇ ಈ ಹೆಜ್ಜೆ ಇಟ್ಟಿದ್ದರು. ಯಾಕೆಂದರೆ ಆಚೆ ಇಡೀ ದೇಶದ ವಹಿವಾಟು ಇತ್ತು. ಪರೀಕ್ಷೆ ಮುಗಿದು, ಆಗಸ್ಟ್ 1ರಂದು ಸಂಪರ್ಕ ಮರಳಿತು.

ಇದರಲ್ಲಿ ಮನೆಗೆ ಬೇಕಾದ ವಿವೇಕವೆಲ್ಲ ಇದೆ. ತಡವಿಲ್ಲದೆ ಬೇರ್ಪಡಿಸಿದರು, ಬಹಿರಂಗವಾಗಿ ಹೇಳಿದರು, ಪರೀಕ್ಷಿಸಿದ ಮೇಲಷ್ಟೇ ಸೇರಿಸಿಕೊಂಡರು. ಅವಮಾನ ಎಂದುಕೊಳ್ಳಲಿಲ್ಲ.

ವೈಫೈ ಪೆಟ್ಟಿಗೆಯಲ್ಲೇ ಇರುವ ಗೋಡೆ

ಬೇರ್ಪಡಿಸಿದ ಯಂತ್ರಕ್ಕೆ ಅಪ್‌ಡೇಟ್ ಹಾಕಲು ಒಮ್ಮೆಯಾದರೂ ನೆಟ್ ಬೇಕಾಗುತ್ತದೆ. ಆಗ ನೆರವಿಗೆ ಬರುವುದು ‘ಗೆಸ್ಟ್ ನೆಟ್‌ವರ್ಕ್’. ಇಂದಿನ ಹೆಚ್ಚಿನ ವೈಫೈ ರೌಟರುಗಳಲ್ಲಿ ಈ ಸೌಲಭ್ಯ ಇದೆ. ಅದಕ್ಕೆ ಸೇರಿದ ಸಾಧನಕ್ಕೆ ಇಂಟರ್ನೆಟ್ ಸಿಗುತ್ತದೆ, ಮನೆಯ ಇತರ ಸಾಧನಗಳು ಕಾಣುವುದಿಲ್ಲ.

ಕೆಲಸ ಮಾಡುತ್ತಿದೆಯೇ ಎಂದು ನೀವೇ ನೋಡಬಹುದು. ಒಂದು ಮೊಬೈಲನ್ನು ಗೆಸ್ಟ್‌ಗೆ ಸೇರಿಸಿ, ಮನೆಯ ಪ್ರಿಂಟರಿಗೆ ಪ್ರಿಂಟ್ ಕೊಡಿ. ರೌಟರಿನ ಸೆಟ್ಟಿಂಗ್ ಪುಟ ತೆರೆಯಲು ಯತ್ನಿಸಿ. ಎರಡೂ ಆಗದಿದ್ದರೆ ಗೋಡೆ ಗಟ್ಟಿಯಿದೆ. ಎರಡರಲ್ಲಿ ಒಂದಾದರೂ ಆದರೆ ಸೆಟ್ಟಿಂಗ್ ತಪ್ಪಿದೆ ಎಂದರ್ಥ. ಆಗ ಬೇರೊಂದು ಮೊಬೈಲಿನ ಹಾಟ್‌ಸ್ಪಾಟಿಗೆ ಆ ಕಂಪ್ಯೂಟರ್ ಒಂದನ್ನೇ ಸೇರಿಸುವುದು ಮೇಲು.

ಸಿಸಿ ಕ್ಯಾಮೆರಾ, ಸ್ಮಾರ್ಟ್ ಟಿವಿಗಳಿಗೆ ಗೆಸ್ಟ್ ಜಾಲವೇ ಕಾಯಂ ಜಾಗವಾಗಲಿ. 2016ರಲ್ಲಿ ಮಿರಾಯ್ ಎಂಬ ತಂತ್ರಾಂಶ ಹೊಕ್ಕದ್ದು ಇಂಥ ಕ್ಯಾಮೆರಾ, ರೌಟರುಗಳಿಗೇ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಮನೆಯವರು ಬದಲಿಸಿರಲಿಲ್ಲ. ಆ ಸಾಧನಗಳ ಸೈನ್ಯ ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳನ್ನು ಮಲಗಿಸಿತು. ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ಸರ್ವರ್ ಮಲಗಿಸುವ ಈ ಬಗೆಯ ದಾಳಿ ಏನೆಂದು ನಮಗೂ ಗೊತ್ತು. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ತತ್ತರಿಸಿ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಜನ ಕಾದಾಗ, ಸರ್ಕಾರ ಕೊಟ್ಟ ಕಾರಣ ಇಂಥದ್ದೇ ದಾಳಿ. ನಮ್ಮ ಮನೆಯ ಸಾಧನವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಊರಿಗೆ ಮಾಡುವ ಉಪಕಾರವೂ ಹೌದು.

ಬಾಕ್ಸ್: ಉಚಿತ ನೆರವು

- ಸಿಇಆರ್‌ಟಿ-ಇನ್: ದೇಶದ ಸೈಬರ್ ತುರ್ತು ಸ್ಪಂದನ ತಂಡ. 2004ರಿಂದ ಕೆಲಸದಲ್ಲಿದೆ.
- ಸೈಬರ್ ಸ್ವಚ್ಛತಾ ಕೇಂದ್ರ: 2017ರ ಫೆಬ್ರುವರಿ 21ರಂದು ಆರಂಭ. ಸೋಂಕು ತೆಗೆಯುವ ತಂತ್ರಾಂಶಗಳನ್ನು ಉಚಿತವಾಗಿ ಕೊಡುತ್ತದೆ. ಸೋಂಕು ತಗುಲಿದ ಯಂತ್ರಗಳ ಬಗ್ಗೆ ಇಂಟರ್ನೆಟ್ ಕಂಪನಿಗಳ ಮೂಲಕ ಬಳಕೆದಾರರಿಗೆ ತಿಳಿಸುತ್ತದೆ.
- ನೋ ಮೋರ್ ರ‍್ಯಾನ್ಸಮ್: ಡಚ್ ಪೊಲೀಸ್, ಯುರೋಪೋಲ್ ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಕಟ್ಟಿದ ತಾಣ. ಇದು ನಮ್ಮ ಸರ್ಕಾರದ್ದಲ್ಲ, ಆದರೂ ಉಚಿತ. ಕೆಲವು ಸುಲಿಗೆ ತಂತ್ರಾಂಶಗಳ ಬೀಗ ತೆಗೆಯುವ ಕೀಲಿ ಇಲ್ಲಿ ಸಿಗುತ್ತದೆ. ಸುಲಿಗೆಕೋರರಿಗೆ ದುಡ್ಡು ಕೊಡುವ ಮೊದಲು ಇಲ್ಲಿ ಹುಡುಕಿ.

ಘಾನಾದ ಕರೆಂಟು ಕಡಿತ

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವಿಧ್ವಂಸಕ ತಂತ್ರಾಂಶ ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ಗೆ ಬಡಿಯಿತು. ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನಲ್ಲಿ ಅದರ ಟರ್ಮಿನಲ್ ಸಹ ನಿಂತಿತು. ಕಂಪನಿಯ ಇಡೀ ಜಾಲಕ್ಕೆ ಆಧಾರವಾದ ಸರ್ವರುಗಳು ಒಂದನ್ನೊಂದು ನಕಲು ಮಾಡಿಕೊಳ್ಳುವಂತೆ ಇದ್ದವು. ಆದರೆ ಎಲ್ಲವೂ ಒಟ್ಟಿಗೆ ಅಳಿದವು. ಒಂದೇ ಒಂದು ಉಳಿದಿತ್ತು, ಆಫ್ರಿಕಾದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಆ ಸರ್ವರ್ ಜಾಲದಿಂದ ಹೊರಗಿತ್ತು. ಆ ಒಂದು ಪ್ರತಿಯಿಂದ ಕಂಪನಿ ಮತ್ತೆ ಎದ್ದು ನಿಂತಿತು. ಹತ್ತು ದಿನದಲ್ಲಿ 45,000 ಕಂಪ್ಯೂಟರುಗಳನ್ನು ಹೊಸದಾಗಿ ಸಿದ್ಧಪಡಿಸಿದರು.

ಅಷ್ಟು ದೊಡ್ಡ ಕಂಪನಿಗೆ ಅದು ಅದೃಷ್ಟದಿಂದ ಸಿಕ್ಕಿತು. ನಮಗೆ ಅದೃಷ್ಟ ಬೇಕಿಲ್ಲ. ಪಹಣಿ, ಮಕ್ಕಳ ಅಂಕಪಟ್ಟಿ, ಮಂಡಿಯ ಲೆಕ್ಕ, ಮದುವೆಯ ಫೋಟೊಗಳ ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿರಲಿ. ಪ್ರತಿ ತೆಗೆದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಯೇ ಇಟ್ಟ ಪ್ರತಿ ಕಂಪ್ಯೂಟರಿನ ಜೊತೆಗೇ ಹಾಳಾಗುತ್ತದೆ.

ಇಂಥ ಪ್ರತಿ ಇದ್ದ ಮನೆಗೆ ಚಿಕಿತ್ಸೆಯೂ ಸುಲಭ. ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿದ ಪೆನ್‌ಡ್ರೈವಿನಿಂದ ವಿಂಡೋಸನ್ನು ಹೊಸದಾಗಿ ಹಾಕಿ, ಅಪ್‌ಡೇಟ್ ಮುಗಿಸಿ, ಫೈಲುಗಳನ್ನು ತಪಾಸಣೆ ಮಾಡಿ ತುಂಬಿಕೊಂಡ ಮೇಲೆ ಮನೆಯ ಜಾಲಕ್ಕೆ ಸೇರಿಸಬಹುದು. ‘ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ’ ಎಂಬ ಮಾತಿಗಿಂತ ಹೊಸದಾಗಿ ಹಾಕಿದ ವಿಂಡೋಸನ್ನು ಹೆಚ್ಚು ನಂಬಬಹುದು.

ನಾಚಿಕೆಯೇ ನಿಜವಾದ ಅಪಾಯ

ಇಷ್ಟೆಲ್ಲ ತಿಳಿದೂ ಮನೆಗಳು ಸೋಲುವುದು ನಾಚಿಕೆಯಿಂದ. ಕದ್ದ ಸಿನಿಮಾ ಇಳಿಸಿಕೊಳ್ಳಲು ಹೋಗಿ ಎಡವಟ್ಟಾದ ಹುಡುಗ ಅಪ್ಪನಿಗೆ ಹೇಳುವುದಿಲ್ಲ. ಸುಳ್ಳು ಕರೆಗೆ ಓಗೊಟ್ಟ ಅಜ್ಜ ಮಕ್ಕಳಿಗೆ ಹೇಳುವುದಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಆ ಒಂದು ರಾತ್ರಿಯಲ್ಲಿ ಇಡೀ ಮನೆಯ ಯಂತ್ರಗಳು, ಖಾತೆಗಳು ಕೈತಪ್ಪುತ್ತವೆ.

ನಮ್ಮ ಊರುಗಳಲ್ಲಿ ಫೈಬರ್ ಹಾಕುವ ಕೇಬಲ್‌ನವರು, ಬಸ್ ನಿಲ್ದಾಣದ ಪಕ್ಕದ ಕಂಪ್ಯೂಟರ್ ರಿಪೇರಿಯವರು ಮನಸ್ಸು ಮಾಡಿದರೆ ಬಹಳ ಆಗುತ್ತದೆ. ರೌಟರ್ ಕೂರಿಸುವ ದಿನವೇ ಅದರ ಸೆಟ್ಟಿಂಗ್ ಪಾಸ್‌ವರ್ಡ್ ಬದಲಿಸಿ, ಗೆಸ್ಟ್ ಜಾಲ ತೆರೆದುಕೊಡಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಗ್ರಾಹಕರೂ ಅದನ್ನು ಕೇಳಿ ಪಡೆಯಬೇಕು. ರಿಪೇರಿಗೆ ಬಂದ ಅನುಮಾನದ ಯಂತ್ರವನ್ನು ಅಂಗಡಿಯ ಜಾಲಕ್ಕೆ ಸೇರಿಸದೆ ನೋಡುವ ಶಿಸ್ತು ಅಂಗಡಿಗೂ ಒಳ್ಳೆಯದು, ಪಕ್ಕದಲ್ಲಿರುವ ಇನ್ನೊಬ್ಬರ ಯಂತ್ರಕ್ಕೂ ಒಳ್ಳೆಯದು.

ಮನೆಯೊಳಗಿನ ಕೆಲಸ ಇನ್ನೂ ಚಿಕ್ಕದು. ನೆಟ್ ವೈರು ಯಾವುದು, ವೈಫೈ ಆರಿಸುವುದು ಹೇಗೆ ಎಂದು ಈ ಭಾನುವಾರ ಎಲ್ಲರಿಗೂ ತೋರಿಸಿ. 1930ನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆಯಿರಿ. ಅನುಮಾನ ಬಂದರೆ ಯಾರನ್ನೂ ಕೇಳದೆ ವೈರು ಕೀಳುವ ಅಧಿಕಾರವನ್ನು ಅಜ್ಜಿಗೂ ಕೊಡಿ, ಹತ್ತು ವರ್ಷದ ಮಗುವಿಗೂ ಕೊಡಿ. ಕಿತ್ತದ್ದು ಸುಳ್ಳು ಗಾಬರಿಯಿಂದ ಎಂದು ಆಮೇಲೆ ತಿಳಿದರೂ ಬೈಯಬೇಡಿ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಕೀಳಲು ಹಿಂಜರಿಯುತ್ತಾರೆ, ಮತ್ತು ಆ ಸಲದ್ದು ನಿಜವಾಗಿರಬಹುದು.